ಟ್ರ್ಯಾಕ್ಟರ್ ಟಾಪಿನ ಮೇಲಿನ ದೀಪ: ವೈರಿಂಗ್ ಹೀಗೆ ಮಾಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ರಾತ್ರಿ ಅನ್ನುವುದೇ ಇರುವುದಿಲ್ಲ. ಟೋಳಿಯವರು ನಸುಕಿನಲ್ಲೇ ಕಬ್ಬು ಹೇರುತ್ತಾರೆ. ಕೂಳೆ ತೆಗೆದ ಹೊಲದಲ್ಲಿ ನಡುರಾತ್ರಿ ನೇಗಿಲು ಓಡುತ್ತದೆ. ಟ್ರ್ಯಾಕ್ಟರಿನ ಮುಂದಿನ ಎರಡು ದೀಪ ಇದಕ್ಕೆಲ್ಲ ಸಾಲುವುದಿಲ್ಲ. ಆದ್ದರಿಂದ ಈಗ ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್ ಇರಲಿ, ಹಳೆಯದಿರಲಿ, ಟಾಪಿನ ಮೇಲೆ ಹೆಚ್ಚಿನ ದೀಪ ಕೂಡಿಸುವುದು ಸಾಮಾನ್ಯವಾಗಿದೆ.

ನಾನೂ ಕೂಡಿಸಿದ್ದೆ. ಅದು ಒಂದು ರಾತ್ರಿ ಟ್ರ್ಯಾಕ್ಟರನ್ನೇ ಸುಡುವುದರಲ್ಲಿತ್ತು. ಆ ಪಾಠವನ್ನು ಬೇರೆಯವರು ದುಡ್ಡು ಕೊಟ್ಟು ಕಲಿಯುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಆದದ್ದೇನು?

ಜನವರಿ ತಿಂಗಳು. ಹೊಳೆದಂಡೆಯ ಹೊಲದಲ್ಲಿ ಕಬ್ಬು ಹೇರುವ ಕೆಲಸ ನಡೆದಿತ್ತು. ಟಾಪಿನ ಹಿಂದುಗಡೆ 55 ವ್ಯಾಟಿನ ಎರಡು ಹ್ಯಾಲೋಜನ್ ದೀಪ. ಮನೆಯಲ್ಲಿ ಉಳಿದಿದ್ದ ತೆಳು ವೈರನ್ನು ಬ್ಯಾಟರಿಯಿಂದ ನೇರ ಎಳೆದು, ನಡುವೆ ಒಂದು ಸ್ವಿಚ್ ಹಾಕಿದ್ದೆ. ಫ್ಯೂಜ್ ಇರಲಿಲ್ಲ. "ಎರಡ ದೀಪಕ್ಕ ಇಷ್ಟ ಯಾಕ ತಲಿ ಕೆಡಿಸ್ಕೋಬೇಕು, ಒಂದ ವೈರ್ ಎಳದ್ರ ಆತು" ಅಂದವನು ನಾನೇ.

ಟಾಪಿನ ಕಂಬದ ತೂತಿನಲ್ಲಿ ವೈರು ತೂರಿಸಿದ್ದೆ. ತಗಡಿನ ಅಂಚು ಎರಡು ತಿಂಗಳು ತಿಕ್ಕಿ ತಿಕ್ಕಿ ವೈರಿನ ಮೇಲಿನ ಹೊದಿಕೆ ಹರಿದಿತ್ತು. ಅವತ್ತು ಒಳಗಿನ ತಾಮ್ರ ಕಂಬಕ್ಕೆ ತಾಗಿತು. ದೀಪ ಆರಿತು, ಸುಟ್ಟ ವಾಸನೆ ಬಂತು. ನೋಡುವಷ್ಟರಲ್ಲಿ ಬ್ಯಾಟರಿಯಿಂದ ಕಂಬದವರೆಗೆ ವೈರಿನ ಪ್ಲಾಸ್ಟಿಕ್ ಉರಿದು ಕೆಳಗೆ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಣ ರವದಿ. ಕೈಗೆ ಟವೆಲ್ ಸುತ್ತಿಕೊಂಡು ಬ್ಯಾಟರಿಯ ವೈರು ಕಿತ್ತೆ. ಟೋಳಿಯವರು ಕುಡಿಯುವ ನೀರಿನ ಕೊಡ ಮತ್ತು ಮಣ್ಣು ಹಾಕಿ ರವದಿಯ ಬೆಂಕಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಡೀಸೆಲ್ ಪೈಪು ಆ ವೈರಿನಿಂದ ಒಂದು ಗೇಣು ದೂರ ಇತ್ತು ಅಷ್ಟೇ.

ಕರೆಂಟನ್ನು ನೀರಿನ ಲೆಕ್ಕದಲ್ಲಿ ನೋಡಿ

ಪೈಪ್‌ಲೈನ್ ಹಾಕಿದ ರೈತನಿಗೆ ಇದು ಬೇಗ ತಿಳಿಯುತ್ತದೆ. ಸಣ್ಣ ಪೈಪಿನಲ್ಲಿ ದೂರಕ್ಕೆ ನೀರು ತಳ್ಳಿದರೆ ತುದಿಯಲ್ಲಿ ಒತ್ತಡ ಉಳಿಯುವುದಿಲ್ಲ. ವೈರಿನಲ್ಲೂ ಹಾಗೆಯೇ. ಒತ್ತಡಕ್ಕೆ ಇಲ್ಲಿ ವೋಲ್ಟ್ ಅನ್ನುತ್ತೇವೆ, ಹರಿವಿಗೆ ಆಂಪಿಯರ್ ಅನ್ನುತ್ತೇವೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 55 ವ್ಯಾಟಿನ ಎರಡು ದೀಪ ಅಂದರೆ 110 ವ್ಯಾಟ್. 12ರಿಂದ ಭಾಗಿಸಿದರೆ ಸುಮಾರು 9.2 ಆಂಪಿಯರ್.

ಬ್ಯಾಟರಿಯಿಂದ ಟಾಪಿಗೆ 5 ಮೀಟರ್, ವಾಪಸು 5 ಮೀಟರ್, ಒಟ್ಟು 10 ಮೀಟರ್ ವೈರು ಎಂದಿಟ್ಟುಕೊಳ್ಳಿ. 1 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿದರೆ ದಾರಿಯಲ್ಲೇ ಸುಮಾರು 1.6 ವೋಲ್ಟ್ ಕಳೆದುಹೋಗುತ್ತದೆ. 2.5 ಚದರ ಮಿ.ಮೀ. ವೈರಿನಲ್ಲಿ ಕಳೆಯುವುದು 0.6 ವೋಲ್ಟ್, 4 ಚದರ ಮಿ.ಮೀ. ವೈರಿನಲ್ಲಿ 0.4 ವೋಲ್ಟ್. 1.6 ವೋಲ್ಟ್ ಏನು ಮಹಾ ಅನಿಸಬಹುದು. ಹ್ಯಾಲೋಜನ್ ಬಲ್ಬಿನಲ್ಲಿ ವೋಲ್ಟ್ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ನನ್ನ ತೆಳು ವೈರಿನ ದೀಪ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳಕನ್ನು ದಾರಿಯಲ್ಲೇ ತಿನ್ನುತ್ತಿತ್ತು. ಬೆಳಕು ಸಾಲುವುದಿಲ್ಲ ಅಂತ ನಾನು 100 ವ್ಯಾಟಿನ ಬಲ್ಬ್ ಹುಡುಕುತ್ತಿದ್ದೆ. ಬದಲಿಸಬೇಕಾದದ್ದು ವೈರು.

ಫ್ಯೂಜ್ ಇರುವುದು ದೀಪಕ್ಕಲ್ಲ

ಫ್ಯೂಜ್ ಕಾಯುವುದು ವೈರನ್ನು. ದೀಪ ಕೇಳುವುದು 9 ಆಂಪಿಯರ್ ಇದ್ದರೂ, ವೈರು ತಗಡಿಗೆ ತಾಗಿದರೆ ಟ್ರ್ಯಾಕ್ಟರ್ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. ಸ್ಟಾರ್ಟರ್ ಮೋಟಾರನ್ನೇ ತಿರುಗಿಸುವ ಬ್ಯಾಟರಿ ಅದು. ಆಗ ವೈರೇ ಹೀಟರ್ ಕಾಯಿಲ್ ಆಗುತ್ತದೆ. "ಎಲ್‌ಇಡಿ ಹಾಕೀನಿ, ಕರೆಂಟ್ ಕಮ್ಮಿ, ಫ್ಯೂಜ್ ಬ್ಯಾಡ" ಅನ್ನುವವರಿದ್ದಾರೆ. 27 ವ್ಯಾಟಿನ ಎಲ್‌ಇಡಿ ಎರಡೂಕಾಲು ಆಂಪಿಯರ್ ತೆಗೆದುಕೊಳ್ಳುತ್ತದೆ, ನಿಜ. ಆದರೆ ವೈರು ಹರಿದು ತಾಗಿದಾಗ ಮುಂದೆ ಎಂಥ ದೀಪ ಇದೆ ಅನ್ನುವುದನ್ನು ಬ್ಯಾಟರಿ ಕೇಳುವುದಿಲ್ಲ.

ಫ್ಯೂಜನ್ನು ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇಡಿ. ಬ್ಯಾಟರಿಯಿಂದ ಫ್ಯೂಜಿನವರೆಗಿನ ವೈರಿಗೆ ರಕ್ಷಣೆ ಇಲ್ಲ, ಆದ್ದರಿಂದ ಅದು ಗಿಡ್ಡ ಇರಬೇಕು. 9 ಆಂಪಿಯರಿನ ಜೋಡಿ ದೀಪಕ್ಕೆ 2.5 ಚದರ ಮಿ.ಮೀ. ವೈರು, 15 ಆಂಪಿಯರ್ ಫ್ಯೂಜ್ ಸರಿ. ಪದೇ ಪದೇ ಫ್ಯೂಜ್ ಹೋದರೆ ದೊಡ್ಡದು ಹಾಕಬೇಡಿ, ಸಿಗರೇಟ್ ಪ್ಯಾಕಿನ ಹಾಳೆಯನ್ನಂತೂ ಸುತ್ತಲೇಬೇಡಿ. ಎಲ್ಲಿ ತಾಗುತ್ತಿದೆ ಅನ್ನುವುದನ್ನು ಹುಡುಕಿ.

ರಿಲೇ ಅಂದರೇನು?

ನಮ್ಮ ಪಂಪಿನ ಸ್ಟಾರ್ಟರ್ ಇದೆಯಲ್ಲ, ಅದರ ಚಿಕ್ಕ ತಮ್ಮ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ಡಬ್ಬಿ. ರಿಲೇ ಇದ್ದರೆ ದೀಪದ ಪೂರ್ತಿ ಕರೆಂಟು ಸ್ಟೇರಿಂಗ್ ಹತ್ತಿರದ ಸ್ವಿಚ್ಚಿನೊಳಗೆ ಹಾಯುವುದಿಲ್ಲ. ಸ್ವಿಚ್ಚು ಕರಗುವುದಿಲ್ಲ, ದಪ್ಪ ವೈರನ್ನು ಡ್ಯಾಶ್‌ಬೋರ್ಡಿಗೆ ಸುತ್ತಿಸಿ ತರುವುದೂ ತಪ್ಪುತ್ತದೆ.

ನಾಲ್ಕು ಕಾಲಿನ 12 ವೋಲ್ಟ್, 30 ಅಥವಾ 40 ಆಂಪಿಯರ್ ರಿಲೇ ತನ್ನಿ. ಕಾಲುಗಳ ಬಳಿ ನಂಬರ್ ಇರುತ್ತದೆ.

30: ಬ್ಯಾಟರಿ ಪ್ಲಸ್‌ನಿಂದ ಫ್ಯೂಜ್ ದಾಟಿ ಬಂದ ದಪ್ಪ ವೈರು.
87: ಇಲ್ಲಿಂದ ದೀಪಗಳಿಗೆ ದಪ್ಪ ವೈರು.
86: ಸ್ವಿಚ್ಚಿನಿಂದ ಬಂದ ಸಣ್ಣ ವೈರು.
85: ಅರ್ಥಿಂಗ್, ಅಂದರೆ ಬ್ಯಾಟರಿ ಮೈನಸ್.

ಸ್ವಿಚ್ಚಿಗೆ ಕರೆಂಟನ್ನು ಚಾವಿ ಆನ್ ಆದಾಗ ಮಾತ್ರ ಬರುವ ಕಡೆಯಿಂದ, ಸಣ್ಣ ಫ್ಯೂಜ್ ಇರುವ ಲೈನಿನಿಂದ ತೆಗೆದುಕೊಳ್ಳಿ. ದೀಪ ಆರಿಸಲು ಮರೆತು ಮನೆಗೆ ಹೋದರೂ ಬೆಳಿಗ್ಗೆ ಬ್ಯಾಟರಿ ಸತ್ತಿರುವುದಿಲ್ಲ.

ಕೆಲಸದ ಕ್ರಮ

1. ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿ. ಮುಗಿದ ಮೇಲೆ ಅದನ್ನೇ ಕಟ್ಟಕಡೆಗೆ ಜೋಡಿಸಿ. ಹೀಗೆ ಮಾಡಿದರೆ ಪಾನಾ ತಗಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

2. ವೈರು ಬಹು ಎಳೆಯ ಆಟೋ ವೈರೇ ಆಗಿರಲಿ. ಮನೆ ವೈರಿಂಗಿನ ಒಂಟಿ ಎಳೆ ತಂತಿ ಟ್ರ್ಯಾಕ್ಟರಿನ ನಡುಕಕ್ಕೆ ಮುರಿಯುತ್ತದೆ.

3. ರಿಲೇಯನ್ನು ಬ್ಯಾಟರಿ ಹತ್ತಿರ, ಸೈಲೆನ್ಸರಿನಿಂದ ದೂರ, ಕಾಲು ಕೆಳಮುಖವಾಗಿ ಕೂಡಿಸಿ. ನೀರು ಬಿದ್ದರೂ ಇಳಿದು ಹೋಗುತ್ತದೆ.

4. ತಗಡಿನ ತೂತು ಬಂದಲ್ಲೆಲ್ಲ ರಬ್ಬರ್ ಬುಶ್ ಹಾಕಿ. ನನ್ನ ಟ್ರ್ಯಾಕ್ಟರ್ ಸುಡಲು ಹೊರಟಿದ್ದು ಈ ಒಂದು ರಬ್ಬರ್ ಇಲ್ಲದ್ದಕ್ಕೆ. ಉಳಿದ ದಾರಿಯಲ್ಲಿ ಸುರುಳಿ ಪೈಪಿನೊಳಗೆ ವೈರು ಹಾಯಿಸಿ, ಗೇಣಿಗೊಂದು ಕ್ಲಿಪ್ ಬಿಗಿಯಿರಿ. ಡೀಸೆಲ್ ಪೈಪಿನ ಜೊತೆ ಕಟ್ಟಬೇಡಿ.

5. ಟಾಪಿನ ಪೈಪನ್ನೇ ಅರ್ಥಿಂಗ್ ಮಾಡಬೇಡಿ. ಅದಕ್ಕೆ ಬಣ್ಣ ಇದೆ, ಕೆಳಗೆ ರಬ್ಬರ್ ಇದೆ, ಬೋಲ್ಟಿಗೆ ತುಕ್ಕು ಹಿಡಿಯುತ್ತದೆ. ಪ್ಲಸ್ ಎಷ್ಟು ದಪ್ಪವೋ ಅಷ್ಟೇ ದಪ್ಪದ ಇನ್ನೊಂದು ವೈರನ್ನು ಬ್ಯಾಟರಿ ಮೈನಸ್‌ವರೆಗೆ ತನ್ನಿ.

6. ಜಾಯಿಂಟುಗಳನ್ನು ಲಗ್ ಹಾಕಿ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ತಿರುಚಿ ಟೇಪ್ ಸುತ್ತಿದ್ದು ಒಂದೇ ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ.

ಮುಗಿದ ಮೇಲೆ ಇಂಜಿನ್ ಓಡುವಾಗ ದೀಪ ಹಚ್ಚಿ, ಮಲ್ಟಿಮೀಟರಿನಿಂದ ಬ್ಯಾಟರಿ ಮೇಲೊಮ್ಮೆ, ದೀಪದ ಮೇಲೊಮ್ಮೆ ವೋಲ್ಟ್ ನೋಡಿ. ಜೋಡಿ ಹ್ಯಾಲೋಜನ್‌ಗೆ ಅಂತರ 0.7ಕ್ಕಿಂತ ಬಹಳ ಹೆಚ್ಚಿದ್ದರೆ ಎಲ್ಲೋ ಜಾಯಿಂಟು ಸಡಿಲ ಇದೆ. ಹತ್ತು ನಿಮಿಷದ ನಂತರ ಪ್ರತಿ ಜಾಯಿಂಟು ಮುಟ್ಟಿ ನೋಡಿ. ಬಿಸಿ ಇದ್ದದ್ದೇ ಕೆಟ್ಟದ್ದು.

ಆದಾಯಕ್ಕೆ ತಕ್ಕ ಖರ್ಚು

ಆಲ್ಟರ್ನೇಟರಿನ ಪ್ಲೇಟ್ ಮೇಲೆ ಅದು ಎಷ್ಟು ಆಂಪಿಯರ್ ಕೊಡುತ್ತದೆ ಅಂತ ಬರೆದಿರುತ್ತದೆ. 36 ಇದೆ ಅನ್ನೋಣ. ಮುಂದಿನ ಎರಡು ದೀಪ 110 ವ್ಯಾಟ್, ಟಾಪಿನ ಮುಂದೆ ಎರಡು 110, ಹಿಂದೆ ಎರಡು 110, ಹಿಂದೀಪ ಮತ್ತು ಮೀಟರ್ ದೀಪ ಸೇರಿ 30. ಒಟ್ಟು 360 ವ್ಯಾಟ್, 30 ಆಂಪಿಯರ್. ಅಷ್ಟನ್ನೂ ಕೊಡುವುದು ಇಂಜಿನ್ ಜೋರಾಗಿ ಓಡುವಾಗ ಮಾತ್ರ. ಹೇರುವಾಗ ಇಂಜಿನ್ ಸಾವಕಾಶ ಓಡುತ್ತಿದ್ದರೆ ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ಬೆಳಗಿನ ಜಾವ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಮುಂದಿನ ಜೋಡಿಗೊಂದು, ಹಿಂದಿನ ಜೋಡಿಗೊಂದು ಬೇರೆ ಬೇರೆ ಫ್ಯೂಜ್, ರಿಲೇ, ಸ್ವಿಚ್ ಇರಲಿ. ಹೊಸದಾಗಿ ಹಾಕುವವರು 27 ವ್ಯಾಟಿನ ಎಲ್‌ಇಡಿ ಹಾಕಿದರೆ ಖರ್ಚು ಅರ್ಧಕ್ಕಿಳಿಯುತ್ತದೆ. ನಾನು ಈಗ ಹಾಗೇ ಮಾಡಿದ್ದೇನೆ.

ರಸ್ತೆಗೆ ಬಂದರೆ ಆರಿಸಿ

ಟಾಪಿನ ದೀಪ ಹೊಲಕ್ಕೆ, ರಸ್ತೆಗೆ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 111ನೇ ನಿಯಮ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಇಡುವುದನ್ನು ನಿಷೇಧಿಸುತ್ತದೆ. ವಿಶೇಷ ಸಂದರ್ಭದಲ್ಲಿ ನೋಂದಣಿ ಅಧಿಕಾರಿಯ ಮುಂಚಿತ ಅನುಮತಿ ಬೇಕು. ಕಾನೂನು ಬದಿಗಿರಲಿ, ಎದುರಿನ ಬೈಕಿನವನ ಕಣ್ಣಿನ ಗತಿ ಯೋಚಿಸಿ. ಮಂಜು, ಧೂಳು ಇದ್ದಾಗ ಮೇಲಿನಿಂದ ಬಿದ್ದ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ, ರಸ್ತೆ ಕಾಣುವುದಿಲ್ಲ.

ಹಿಂದಿನ ಬಿಳಿ ದೀಪ ಇನ್ನೂ ಕೆಟ್ಟದ್ದು. ಹಿಂದೆ ಬರುವವನಿಗೆ ಅದು ಎದುರು ಬರುತ್ತಿರುವ ಗಾಡಿಯಂತೆ ಕಾಣುತ್ತದೆ. ನೀವು ಮುಂದಕ್ಕೆ ಹೊರಟಿದ್ದೀರಿ ಅನ್ನುವುದು ಅವನಿಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ಕಾಗವಾಡ-ಅಥಣಿ ರಸ್ತೆಯಲ್ಲಿ, ಉಗಾರದ ಕಡೆ ಹೋಗುವ ದಾರಿಯಲ್ಲಿ, ನಿಪ್ಪಾಣಿ ಹೆದ್ದಾರಿಯಲ್ಲಿ ರಾತ್ರಿ ಜೋಡಿ ಡಬ್ಬಿ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಒಮ್ಮೆ ಬೈಕಿನಲ್ಲಿ ಹೋಗಿ ನೋಡಿ. ಟಾಪಿನ ಮೇಲೆ ಜಾತ್ರೆಯ ಬೆಳಕು, ಕಡೆಯ ಡಬ್ಬಿಯ ಹಿಂದೆ ಕತ್ತಲು. ದೀಪ ಇದ್ದರೂ ಹೊರಚಾಚಿದ ಕಬ್ಬು ಅದನ್ನು ಮುಚ್ಚಿರುತ್ತದೆ.

ನಾವು ಮಾಡಿಕೊಂಡ ಉಪಾಯ ಸರಳ. ಒಂದು ಹಲಗೆಗೆ ಎರಡು ಕೆಂಪು ದೀಪ, ಕೆಂಪು ರಿಫ್ಲೆಕ್ಟರ್ ಪಟ್ಟಿ. ಎರಡು ಕೊಕ್ಕೆ. ಕಬ್ಬು ಬಿಗಿದ ಮೇಲೆ ಕಡೆಯ ಡಬ್ಬಿಯ ಹಿಂದೆ, ಕಬ್ಬಿನ ಹೊರಗೆ ಹಲಗೆ ನೇತುಹಾಕುತ್ತೇವೆ. ಉದ್ದ ವೈರು ಟ್ರ್ಯಾಕ್ಟರಿನ ಸಾಕೆಟ್ಟಿಗೆ ಬರುತ್ತದೆ. ಇದಕ್ಕೂ ಅರ್ಥಿಂಗ್ ವೈರು ಬೇರೆ ಇರಲಿ. ತುಕ್ಕು, ಗ್ರೀಸು ತುಂಬಿದ ಹುಕ್ಕಿನ ಪಿನ್ನನ್ನು ನಂಬಿದರೆ ದೀಪ ಮಿಣುಕಿ ಆರುತ್ತದೆ. 5 ವ್ಯಾಟಿನ ಎರಡು ಬಲ್ಬು ಒಂದು ಆಂಪಿಯರನ್ನೂ ತೆಗೆದುಕೊಳ್ಳುವುದಿಲ್ಲ. ಡಬ್ಬಿಯ ಬದಿಗೆ ಹಳದಿ, ಮುಂದೆ ಬಿಳಿ ಪಟ್ಟಿ ಅಂಟಿಸಿ. ಹಂಗಾಮಿನಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಧೂಳು ಕೂತರೆ ಅವು ಹೊಳೆಯುವುದಿಲ್ಲ. ಟ್ರ್ಯಾಕ್ಟರ್ ಕೆಟ್ಟು ರಸ್ತೆಯಲ್ಲಿ ನಿಂತಾಗ ಕರೆಂಟು ಇಲ್ಲದೆಯೂ ಕೆಲಸ ಮಾಡುವುದು ಈ ಪಟ್ಟಿಯೇ.

ಫ್ಯೂಜ್, ರಿಲೇ, ವೈರು, ಬುಶ್ ಎಲ್ಲ ಸೇರಿ ಟ್ರ್ಯಾಕ್ಟರಿನ ಒಂದು ದಿನದ ಡೀಸೆಲ್ಲಿನಷ್ಟೂ ಖರ್ಚು ಬರುವುದಿಲ್ಲ. ಅರ್ಧ ದಿನದ ಕೆಲಸ. ಹಂಗಾಮು ಶುರುವಾಗುವ ಮೊದಲು, ಹಗಲು ಬೆಳಕಿನಲ್ಲಿ ಮಾಡಿಬಿಡಿ. ಹಲಗೆಯ ಕೆಂಪು ದೀಪಕ್ಕೆ ಮೊದಲು ವೈರು ಎಳೆಯಿರಿ, ಟಾಪಿನ ದೀಪಕ್ಕೆ ಆಮೇಲೆ.