ಕಾರಿನ ಏರ್ ಫಿಲ್ಟರ್ ಮನೆಯಲ್ಲೇ ಬದಲಿಸುವುದು ಹೇಗೆ?

ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಗೂ ಕಾರಿನ ಎಂಜಿನ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರುವುದು ಲೆಕ್ಕದ ಪುಸ್ತಕದಲ್ಲಿ. ನಮ್ಮ ಅಬ್ಬಾ ವಿಜಯಪುರದಲ್ಲಿ ಹಳದಿ ಬೋರ್ಡಿನ ಪೆಟ್ರೋಲ್ ಕಾರು ಓಡಿಸುತ್ತಾರೆ. ಗೋಳಗುಮ್ಮಟ ನೋಡಲು ಬಂದವರು, ಆಸ್ಪತ್ರೆಗೆ ಹೋಗುವವರು, ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಗೆ ಮದುವೆಗೆ ಹೋಗುವವರು ಅವರ ಗಿರಾಕಿಗಳು. ಪ್ರಥಮ ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಕಲಿಯಲು ಶುರು ಮಾಡಿದ ಮೇಲೆ ಗಾಡಿಯ ಜಮಾ-ಖರ್ಚು ಬರೆಯುವ ಕೆಲಸ ನನಗೆ ಬಂತು. ನನ್ನ ಮತ್ತು ನನ್ನ ತಮ್ಮನ ಫೀಸು ಬರುವುದು ಈ ಗಾಡಿಯಿಂದಲೇ. ಗಾಡಿ ಒಂದು ದಿನ ನಿಂತರೆ ಆ ದಿನದ ಜಮಾ ಕಾಲಂ ಖಾಲಿ.

ಪೆಟ್ರೋಲ್ ಬಿಟ್ಟರೆ ನಮ್ಮ ಪುಸ್ತಕದಲ್ಲಿ ಹೆಚ್ಚು ಸಲ ಬರುವ ಖರ್ಚು ‘ದುರಸ್ತಿ ಮತ್ತು ನಿರ್ವಹಣೆ’. ಅದರಲ್ಲಿ ಯಾವ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು ಎಂದು ಹುಡುಕಿದಾಗ ಸಿಕ್ಕ ಮೊದಲ ಉತ್ತರ ಏರ್ ಫಿಲ್ಟರ್. ಈಗ ಆ ಕೆಲಸವನ್ನು ಅಬ್ಬಾ ಮತ್ತು ನಾನು ಸೇರಿ ಮನೆಯಲ್ಲೇ ಮಾಡುತ್ತೇವೆ.

ಏರ್ ಫಿಲ್ಟರ್ ಏನು ಮಾಡುತ್ತದೆ?

ಅಬ್ಬಾ ಇದನ್ನು ಗಾಡಿಯ ‘ನಾಕ್’, ಅಂದರೆ ಮೂಗು ಎನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. ಪೆಟ್ರೋಲ್ ಒಂದೇ ಉರಿಯುವುದಿಲ್ಲ, ಅದಕ್ಕೆ ಗಾಳಿ ಬೇಕು. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಭೌತಶಾಸ್ತ್ರದ ಸರ್ ಅವರನ್ನು ಕೇಳಿಕೊಂಡು ನಾನು ಇದರ ಲೆಕ್ಕ ಮಾಡಿದೆ. 1 ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅದಕ್ಕೆ ಬೇಕಾದ ಗಾಳಿ ಸುಮಾರು 11 ಕಿಲೋ. 1 ಘನ ಮೀಟರ್, ಅಂದರೆ 1,000 ಲೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಹಾಗಾದರೆ 1 ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ!

ನಮ್ಮ ಗಾಡಿ ದಿನಕ್ಕೆ ಸುಮಾರು 100 ಕಿಲೋಮೀಟರ್ ಓಡಿ 6 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಆ ದಿನ ಎಂಜಿನ್ ಎಳೆದುಕೊಳ್ಳುವ ಗಾಳಿ 54,000 ಲೀಟರ್. ಮನೆಯ ಮಾಳಿಗೆ ಮೇಲೆ ಇಡುವ 1,000 ಲೀಟರಿನ ನೀರಿನ ಟ್ಯಾಂಕು 54 ಸಲ ತುಂಬುವಷ್ಟು. ಬೇಸಿಗೆಯಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಆ ಗಾಳಿ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಅದೆಲ್ಲವನ್ನೂ ಸೋಸುವುದು ಮಡಿಕೆ ಮಡಿಕೆಯಾಗಿ ಮಡಚಿದ ಒಂದು ಕಾಗದ. ಮಡಿಕೆ ಯಾಕೆಂದರೆ, ಸಣ್ಣ ಡಬ್ಬಿಯಲ್ಲಿ ಹೆಚ್ಚು ಕಾಗದ ಹಿಡಿಸಲು.

ಯಾವಾಗ ಬದಲಿಸಬೇಕು?

ಪ್ರತಿ ಗಾಡಿಯ ಕೈಪಿಡಿಯಲ್ಲಿ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಬರೆದಿರುತ್ತದೆ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಅದಕ್ಕಿಂತ ಬೇಗ ಬೇಕು. ನಮ್ಮ ಗಾಡಿ ಹಳ್ಳಿ ರಸ್ತೆಯಲ್ಲಿ ಹೆಚ್ಚು ಓಡುವುದರಿಂದ ಸುಮಾರು 15,000 ಕಿಲೋಮೀಟರಿಗೆ ಬದಲಿಸುತ್ತೇವೆ. ನಡುವೆ ಒಂದೆರಡು ಸಲ ತೆಗೆದು ನೋಡುತ್ತೇವೆ. ಕಾಗದವನ್ನು ಬೆಳಕಿಗೆ ಹಿಡಿದಾಗ ಬೆಳಕು ಕಾಣದಿದ್ದರೆ, ಮಡಿಕೆಗಳ ನಡುವೆ ಧೂಳು ತುಂಬಿದ್ದರೆ, ಕಾಗದ ಹರಿದಿದ್ದರೆ ಅಥವಾ ಎಣ್ಣೆ ಹಿಡಿದಿದ್ದರೆ ಹೊಸದು ಹಾಕಬೇಕು.

ಬೇಕಾಗುವ ಸಾಮಾನು

ಹೊಸ ಫಿಲ್ಟರ್, ಒಂದು ಸ್ಕ್ರೂಡ್ರೈವರ್, ಎರಡು ಒಣ ಬಟ್ಟೆ. ಇಷ್ಟೇ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗಾಡಿಯ ಮಾಡೆಲ್, ಯಾವ ವರ್ಷದ್ದು, ಪೆಟ್ರೋಲೋ ಡೀಸೆಲೋ ಎಂದು ಹೇಳಿ ಕೇಳಿರಿ. ‘ಎಂಜಿನ್ ಏರ್ ಫಿಲ್ಟರ್’ ಎಂದೇ ಹೇಳಿರಿ. ಎಸಿ ಫಿಲ್ಟರ್ ಬೇರೆ, ಅದು ಕಾರಿನ ಒಳಗೆ ಕುಳಿತವರ ಗಾಳಿಗೆ.

ಕೆಲಸದ ಹಂತಗಳು

1. ಎಂಜಿನ್ ಬಂದ್ ಮಾಡಿ, ಕೀ ತೆಗೆದು, ಹ್ಯಾಂಡ್ ಬ್ರೇಕ್ ಹಾಕಿ. ಎಂಜಿನ್ ತಣ್ಣಗಾಗುವವರೆಗೆ ಕಾಯಿರಿ. ನಾವು ಬೆಳಿಗ್ಗೆ, ಗಾಡಿ ಹೊರಡುವ ಮೊದಲೇ ಮಾಡುತ್ತೇವೆ.

2. ಬಾನೆಟ್ ಎತ್ತಿ ಕೋಲು ಸರಿಯಾಗಿ ನಿಲ್ಲಿಸಿ. ದಪ್ಪ ಪೈಪು ಸೇರಿಸಿದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದೇ ಫಿಲ್ಟರಿನ ಮನೆ. ಗುರುತು ಸಿಗದಿದ್ದರೆ ಕೈಪಿಡಿಯ ಚಿತ್ರ ನೋಡಿರಿ.

3. ತೆರೆಯುವ ಮೊದಲು ಡಬ್ಬಿಯ ಮೇಲಿನ ಧೂಳು ಒರೆಸಿ. ಇಲ್ಲದಿದ್ದರೆ ಅದೇ ಧೂಳು ಒಳಗೆ ಬೀಳುತ್ತದೆ.

4. ಕೆಲವು ಗಾಡಿಗಳಲ್ಲಿ ಕ್ಲಿಪ್ ಇರುತ್ತವೆ, ಕೆಲವುಗಳಲ್ಲಿ ಸ್ಕ್ರೂ. ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಡಿ. ಡಬ್ಬಿಗೆ ಅಥವಾ ಪೈಪಿಗೆ ಸೆನ್ಸರಿನ ವೈರ್ ಇದ್ದರೆ ಎಳೆಯಬೇಡಿ. ಮುಚ್ಚಳವನ್ನು ಫಿಲ್ಟರ್ ಹೊರಬರುವಷ್ಟು ಮಾತ್ರ ಎತ್ತಿ.

5. ಹಳೆ ಫಿಲ್ಟರ್ ಯಾವ ಮುಖ ಮೇಲೆ ಇತ್ತು ಎಂದು ನೋಡಿಕೊಂಡು ಮೆಲ್ಲಗೆ ಎತ್ತಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಒಳ್ಳೆಯದು.

6. ಎಂಜಿನ್ ಕಡೆಗೆ ಹೋಗುವ ಬಾಯಿಗೆ ಒಂದು ಬಟ್ಟೆ ಮುಚ್ಚಿ. ಡಬ್ಬಿಯ ತಳದ ಎಲೆ, ಮಣ್ಣು, ಸತ್ತ ಹುಳಗಳನ್ನು ಇನ್ನೊಂದು ಬಟ್ಟೆಯಿಂದ ತೆಗೆಯಿರಿ. ಆಮೇಲೆ ಬಾಯಿಯ ಬಟ್ಟೆ ತೆಗೆಯಿರಿ. ಮುಚ್ಚಳ ಹಾಕುವ ಮೊದಲು ಎರಡೂ ಬಟ್ಟೆ ಕೈಯಲ್ಲಿವೆಯೇ ಎಂದು ಎಣಿಸಿ.

7. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಅಳತೆ ಹೋಲಿಸಿ. ಹೊಸದರ ರಬ್ಬರ್ ಅಂಚು ಸುತ್ತಲೂ ಗಾಡಿಯಲ್ಲಿ ಕೂರಬೇಕು. ಅಂಚು ಎತ್ತಿಕೊಂಡಿದ್ದರೆ ಸೋಸದ ಗಾಳಿ ಆ ಸಂದಿಯಿಂದ ನೇರವಾಗಿ ಎಂಜಿನಿಗೆ ಹೋಗುತ್ತದೆ, ಫಿಲ್ಟರ್ ಇದ್ದೂ ಇಲ್ಲದಂತೆ.

8. ಮುಚ್ಚಳ ಹಾಕಿ, ಎಲ್ಲ ಕ್ಲಿಪ್ ಅಥವಾ ಸ್ಕ್ರೂ ಬಿಗಿ ಮಾಡಿ. ಎಂಜಿನ್ ಶುರು ಮಾಡಿ ಸದ್ದು ಕೇಳಿ. ಹೊಸದಾಗಿ ‘ಸುಂಯ್’ ಎನ್ನುವ ಸದ್ದು ಬಂದರೆ ಮುಚ್ಚಳ ಸರಿಯಾಗಿ ಕೂತಿಲ್ಲ ಎಂದರ್ಥ.

9. ತಾರೀಕು ಮತ್ತು ಕಿಲೋಮೀಟರ್ ಬರೆದಿಡಿ.

ಮೊದಲ ಸಲ ನಮಗೆ ಅರ್ಧ ಗಂಟೆ ಹಿಡಿಯಿತು. ಈಗ ಹತ್ತು ನಿಮಿಷ ಸಾಕು. ಇದು ಹುಡುಗರ ಕೆಲಸ ಎನ್ನುವವರಿಗೆ ಒಂದು ಮಾತು: ಈ ಕ್ಲಿಪ್‌ಗಳಿಗಿಂತ ಅಮ್ಮಿಯ ಕುಕ್ಕರಿನ ಮುಚ್ಚಳ ಬಿಗಿ.

ಮಾಡಬಾರದ ಕೆಲಸಗಳು

ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಹಣ ಉಳಿಸಲು ಜೋರಾದ ಹವಾ ಹೊಡೆದು ಮತ್ತೆ ಮತ್ತೆ ಅದನ್ನೇ ಹಾಕಬಾರದು. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳಬಹುದು. ‘ಅಂಗಡಿಯವರೆಗೆ ತಾನೆ’ ಎಂದು ಫಿಲ್ಟರ್ ಇಲ್ಲದೆ ಗಾಡಿ ಓಡಿಸಲೇಬಾರದು.

ನಿಜವಾದ ಲಾಭ ಯಾವುದು?

ಹೊಸ ಫಿಲ್ಟರ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಪುಸ್ತಕದಲ್ಲಿ ಬದಲಿಸುವ ಮೊದಲಿನ ಎರಡು ತಿಂಗಳು, ನಂತರದ ಎರಡು ತಿಂಗಳು ಹೋಲಿಸಿ ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನೀಡಿದ ವರದಿಯೂ ಇದನ್ನೇ ಹೇಳುತ್ತದೆ. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಒಂದು ಕಂಪ್ಯೂಟರ್ ಬರುವ ಗಾಳಿಗೆ ತಕ್ಕಂತೆ ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಕಡಿಮೆಯಾಗುವುದು ಪಿಕಪ್, ಮೈಲೇಜ್ ಅಲ್ಲ. ಮೈಲೇಜಿಗೆ ಪೆಟ್ಟು ಬೀಳುತ್ತಿದ್ದದ್ದು ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ.

ಕೂಲಿಯ ಲೆಕ್ಕ ಹೀಗಿದೆ. ಗ್ಯಾರೇಜಿನಲ್ಲಿ ಫಿಲ್ಟರ್ ಮತ್ತು ಕೂಲಿ ಸೇರಿ ನಾವು ಕೊಟ್ಟದ್ದು 650 ರೂಪಾಯಿ. ಅಂಗಡಿಯಿಂದ ನಾವೇ ತಂದು ಹಾಕಿದಾಗ 320. ಉಳಿತಾಯ 330. ಮೆಕ್ಯಾನಿಕ್ ತನ್ನ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಅಲ್ಲಿ ಸರದಿ ಕಾಯುತ್ತ ಗಾಡಿ ಅರ್ಧ ದಿನ ನಿಲ್ಲುತ್ತದೆ. ಆ ಅರ್ಧ ದಿನದ ಬಾಡಿಗೆ ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಆದರೂ ಅದು ನಮ್ಮ ನಷ್ಟವೇ.

ದೊಡ್ಡ ಲಾಭ ಬೇರೆ ಇದೆ. ಧೂಳಿನಲ್ಲಿರುವ ಮರಳಿನ ಸಣ್ಣ ಕಣಗಳು ಎಂಜಿನಿನ ಒಳಗೆ ಹೋದರೆ ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗ್‌ಗಳನ್ನೂ ಉಜ್ಜಿ ಸವೆಸುತ್ತವೆ. ಆಮೇಲೆ ಎಂಜಿನ್ ಆಯಿಲ್ ಉರಿದು ನೀಲಿ ಹೊಗೆ ಬರುತ್ತದೆ. ಕೊನೆಗೆ ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸಬೇಕಾಗುತ್ತದೆ. ಅದರ ಖರ್ಚು ಹತ್ತಾರು ಸಾವಿರ, ಮೇಲೆ ಗಾಡಿ ಎಷ್ಟೋ ದಿನ ಗ್ಯಾರೇಜಿನಲ್ಲಿ.

ನಮ್ಮ ಪಾಠದ ಮಾತಿನಲ್ಲಿ ಹೇಳುವುದಾದರೆ, 320 ರೂಪಾಯಿಯ ಫಿಲ್ಟರ್ ರಾಜಸ್ವ ವೆಚ್ಚ, ಆಯಾ ವರ್ಷ ಮುಗಿಯುವ ಸಣ್ಣ ಖರ್ಚು. ಅದನ್ನು ಮುಂದೂಡಿದರೆ ಲಾಭ-ನಷ್ಟ ಖಾತೆಯಲ್ಲಿ ಈ ವರ್ಷ ಲಾಭ ಸ್ವಲ್ಪ ಹೆಚ್ಚೇ ಕಾಣುತ್ತದೆ. ಆದರೆ ಆಸ್ತಿಯ ಸವಕಳಿ ನಮ್ಮ ಪುಸ್ತಕದ ಶೇಕಡಾವಾರು ದರವನ್ನು ಕೇಳಿ ಆಗುವುದಿಲ್ಲ. ಧೂಳು ಹೋದಷ್ಟು ಬೇಗ ಆಗುತ್ತದೆ.

ನಿಮ್ಮ ಮನೆಯಲ್ಲಿ ಕಾರು, ಆಟೋ ಅಥವಾ ಗೂಡ್ಸ್ ಗಾಡಿ ಇದ್ದರೆ ಮುಂದಿನ ರವಿವಾರ ಹಿರಿಯರ ಜೊತೆ ನಿಂತು ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿರಿ. ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ, ಹೊಸ ಫಿಲ್ಟರ್ ತನ್ನಿರಿ, ಜೊತೆಗೆ ಒಂದು ನೋಟ್‌ಬುಕ್ಕನ್ನೂ ತನ್ನಿರಿ.