ಹಳೆಯ ಜೀಪಿನ ಬ್ರೇಕ್ ಪೆಡಲು: ಎತ್ತರ ಸರಿಪಡಿಸುವ ಮುನ್ನ

ಖಾನಾಪುರ ತಾಲೂಕಿನ ಪಶ್ಚಿಮ ಭಾಗದಲ್ಲಿ, ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ನಮ್ಮ ಸದಸ್ಯರಲ್ಲಿ ಹಳೆಯ ಜೀಪನ್ನು ಇಂದಿಗೂ ಕೈಬಿಡದವರು ಹಲವರಿದ್ದಾರೆ. ಮಹೀಂದ್ರಾದವರು ವಿಲ್ಲಿಸ್ ಜೀಪಿನ ಜೋಡಣೆಯನ್ನು ನಮ್ಮ ದೇಶದಲ್ಲಿ ಆರಂಭಿಸಿದ್ದು 1947ರಲ್ಲಿ. ಆ ವಂಶದ ಗಾಡಿಗಳು ಕೆಸರಿನಲ್ಲಿ ಅಡಿಕೆ ಮೂಟೆ ಹೊತ್ತು ಬರುವುದನ್ನು ಕಂಡವರಿಗೆ ಅವುಗಳ ಮೇಲಿನ ಮಮತೆ ಅರ್ಥವಾಗುತ್ತದೆ. ಆದರೆ ಬ್ರೇಕಿನ ವಿಷಯದಲ್ಲಿ ಮಮತೆ ಸಾಲದು. ಈ ಲೇಖನವು ನೆಲಹಲಗೆಯ ತೂತಿನಿಂದ ಮೇಲೆದ್ದು ಬರುವ ಪೆಡಲಿನ ಹಳೆಯ ಜೀಪುಗಳಿಗೆ ಸಂಬಂಧಿಸಿದ್ದು.

ಮೊದಲು ನಮ್ಮದೇ ಅನುಭವ ಹೇಳಿಬಿಡುತ್ತೇವೆ. ನಮ್ಮ ಜೀಪಿನ ಪೆಡಲು ಬರಬರುತ್ತ ತೀರಾ ಕೆಳಗಿಳಿಯತೊಡಗಿತ್ತು. ಒಬ್ಬ ಮೆಕ್ಯಾನಿಕ್ ಗಾಡಿಯ ಕೆಳಗೆ ನುಸುಳಿ, ಹತ್ತೇ ನಿಮಿಷದಲ್ಲಿ ಪೆಡಲನ್ನು ಗಟ್ಟಿಯಾಗಿ, ಎತ್ತರದಲ್ಲಿ ನಿಲ್ಲಿಸಿಕೊಟ್ಟ. ನಮಗೆ ಬಹಳ ಸಂತೋಷವಾಯಿತು. ಮರುದಿನ ಮೂಟೆ ಹೇರಿಕೊಂಡು ಖಾನಾಪುರದಿಂದ ಬೆಳಗಾವಿಗೆ ಹೊರಟೆವು. ಮಚ್ಛೆ ಸಮೀಪಿಸುವ ಹೊತ್ತಿಗೆ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಓಡತೊಡಗಿತು. ಸುಟ್ಟ ವಾಸನೆ ಬೇರೆ. ಇಳಿದು ನೋಡಿದರೆ ನಾಲ್ಕೂ ಡ್ರಮ್ಮುಗಳು ಮುಟ್ಟಲಾರದಷ್ಟು ಬಿಸಿ. ಆರಿದ ಮೇಲೆ ಒಂದು ಚಕ್ರದ ಬ್ಲೀಡರ್ ತಿರುಪನ್ನು ಸ್ವಲ್ಪ ಸಡಿಲಿಸಿದೆವು. ಎಣ್ಣೆ ಚಿಮ್ಮಿತು, ಚಕ್ರ ತಾನಾಗಿ ಬಿಟ್ಟುಕೊಂಡಿತು. ಬಯಲುಸೀಮೆಯ ರಸ್ತೆಯಾದ್ದರಿಂದ ಬದುಕಿದೆವು. ಚೋರ್ಲಾ ಘಟ್ಟ ಇಳಿಯುವಾಗ ಹೀಗಾಗಿದ್ದರೆ?

ಆಗಿದ್ದೇನೆಂದರೆ, ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುವ ಕಂಬಿಯನ್ನು ಆತ ಉದ್ದ ಮಾಡಿದ್ದ. ಸಿಲಿಂಡರಿನೊಳಗೆ, ಪಿಸ್ಟನ್ ಪೂರ್ತಿ ಹಿಂದೆ ಸರಿದಾಗ ಮಾತ್ರ ತೆರೆದುಕೊಳ್ಳುವ ಒಂದು ಸಣ್ಣ ರಂಧ್ರವಿದೆ. ಕೆರೆಯ ತೂಬಿನಂತೆ ಅದು. ಬಿಸಿಯಿಂದ ಹಿಗ್ಗಿದ ಎಣ್ಣೆ ಅದರ ಮೂಲಕ ಮೇಲಿನ ತೊಟ್ಟಿಗೆ ಮರಳಬೇಕು. ಕಂಬಿ ಉದ್ದವಾದರೆ ಪಿಸ್ಟನ್ ಹಿಂದೆ ಸರಿಯಲಾರದೆ ತೂಬು ಮುಚ್ಚಿಯೇ ಇರುತ್ತದೆ. ಎಣ್ಣೆ ಒಳಗೇ ಸಿಕ್ಕಿಬಿದ್ದು ಲೈನಿಂಗನ್ನು ಡ್ರಮ್ಮಿಗೆ ಒತ್ತುತ್ತದೆ, ಡ್ರಮ್ಮು ಕಾಯುತ್ತದೆ, ಎಣ್ಣೆ ಇನ್ನಷ್ಟು ಹಿಗ್ಗುತ್ತದೆ. ಕೊನೆಗೆ ಎಣ್ಣೆ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರತಕ್ಕದ್ದು. ತೇವಾಂಶ ಹೀರಿದ ಮೇಲೆ ಅದು 140ರ ಸುಮಾರಿಗೆ ಇಳಿಯಬಹುದು. ನಮ್ಮ ಕಡೆಯ ಮಳೆಗಾಲದಲ್ಲಿ ಎಣ್ಣೆಗೆ ತೇವಾಂಶದ ಕೊರತೆಯೇ?

ಆದ್ದರಿಂದ ಪೆಡಲು ತಗ್ಗಿದಾಗ ಕಂಬಿಗೆ ಕೈ ಹಾಕಬಾರದು. ಮೊದಲು ಪೆಡಲು ಏನು ಹೇಳುತ್ತದೆಂದು ಕೇಳಬೇಕು. ಒಂದು ಸಲ ಒತ್ತಿದರೆ ಕೆಳಗೆ ಹೋಗಿ, ಕೂಡಲೇ ಎರಡನೆಯ ಸಲ ಒತ್ತಿದಾಗ ಎತ್ತರದಲ್ಲಿ ನಿಂತರೆ, ಲೈನಿಂಗ್ ಸವೆದಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಂತೆ ನಿಧಾನವಾಗಿ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಬಟ್ಟಲು ಹೋಗಿದೆ. ಈ ಕೊನೆಯ ಲಕ್ಷಣ ಕಂಡರೆ ಗಾಡಿಯನ್ನು ಹೊರಗೆ ತೆಗೆಯಲೇಬೇಡಿ. ಹಳೆಯ ಜೀಪಿನಲ್ಲಿ ನಾಲ್ಕೂ ಚಕ್ರಗಳಿಗೆ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದವು.

ಲೈನಿಂಗ್ ಸವೆತವೇ ಕಾರಣವಾಗಿದ್ದರೆ ಕೆಲಸ ಚಕ್ರಗಳಲ್ಲಿದೆ. ಒಂದೊಂದೇ ಚಕ್ರವನ್ನು ಜಾಕಿನಿಂದ ಎತ್ತಬೇಕು. ಇಲ್ಲೊಂದು ಎಚ್ಚರಿಕೆ: ಈ ಗಾಡಿಗಳ ಕೈಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಗೇರುಪೆಟ್ಟಿಗೆಯ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೆಂದರೆ ಡಿಫರೆನ್ಷಿಯಲ್‌ನಿಂದಾಗಿ ಇನ್ನೊಂದು ಚಕ್ರ ಉರುಳಲು ಸ್ವತಂತ್ರ. ಕೈಬ್ರೇಕನ್ನು ನಂಬಿ ಜಾಕು ಹಾಕುವುದು ಅಪಾಯ. ಸಮನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳ ಎರಡೂ ಕಡೆ ದೊಡ್ಡ ಕಲ್ಲು ಕೊಡಿ.

ಚಕ್ರದ ಒಳಬದಿಯ ತಟ್ಟೆಯಲ್ಲಿ ಪ್ರತಿ ಶೂಗೆ ಒಂದರಂತೆ ಹೊಂದಾಣಿಕೆಯ ನಟ್ಟುಗಳಿವೆ. ಲಾಕ್ ನಟ್ಟನ್ನು ಸಡಿಲಿಸಿ, ಶೂ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಬಳಿಕ ಚಕ್ರವನ್ನು ಕೈಯಿಂದ ತಿರುಗಿಸುತ್ತ ಅದು ಸರಾಗವಾಗಿ ಓಡುವಷ್ಟು ಮಾತ್ರ ಹಿಂದೆ ಬಿಡಿ. ಹಿಡಿದುಕೊಂಡೇ ಲಾಕ್ ಬಿಗಿ ಮಾಡಿ. ಮಣ್ಣು ತುಂಬಿ ನಟ್ಟು ಹಿಡಿದಿದ್ದರೆ ಹಿಂದಿನ ದಿನವೇ ಹೊರಬದಿಗೆ ಸ್ವಲ್ಪ ಎಣ್ಣೆ ತಾಗಿಸಿಟ್ಟರೆ ಸುಲಭ. ಡ್ರಮ್ಮಿನೊಳಗೆ ಹನಿಯೂ ಹೋಗಕೂಡದು. ನಾಲ್ಕೂ ಮುಗಿದ ಮೇಲೆ ನಮ್ಮ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಪೆಡಲು ತನ್ನ ಎತ್ತರಕ್ಕೆ ಬಂದಿರುತ್ತದೆ. ತಿರುಗಿಸಲು ಜಾಗವೇ ಉಳಿದಿಲ್ಲವೆಂದರೆ ಲೈನಿಂಗ್ ಬದಲಿಸುವ ಕಾಲ ಬಂದಿದೆ.

ಈಗ ಕಂಬಿಯ ಸರದಿ. ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ ನೋಡಿ. ಬಿಗಿಯಾಗುವ ಮೊದಲು ಅರ್ಧ ಅಂಗುಲ, ಎಂದರೆ ಸುಮಾರು 13 ಮಿಲಿಮೀಟರಿನಷ್ಟು ಖಾಲಿ ಓಟ ಇರಲೇಬೇಕು. ಇಲ್ಲದಿದ್ದರೆ ಲಾಕ್ ನಟ್ ಸಡಿಲಿಸಿ ಕಂಬಿಯನ್ನು ಗಿಡ್ಡ ಮಾಡಿ. ಹೆಚ್ಚಿದ್ದರೆ ಮಾತ್ರ ಉದ್ದ ಮಾಡಿ. ಸಂಶಯವಿದ್ದರೆ ಸಿಲಿಂಡರಿನ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಪೆಡಲನ್ನು ಮೆಲ್ಲಗೆ ಒತ್ತಿಸಿ. ಆರಂಭದಲ್ಲಿ ತೊಟ್ಟಿಯಲ್ಲಿ ಎಣ್ಣೆ ಪುಟ್ಟ ಬುಗ್ಗೆಯಂತೆ ಎದ್ದರೆ ತೂಬು ತೆರೆದಿದೆ. ಮುಖವನ್ನು ದೂರವಿಡಿ, ಎಣ್ಣೆ ಕಣ್ಣಿಗೆ ಕೆಟ್ಟದ್ದು.

ಪೆಡಲಿನ ಸ್ಪ್ರಿಂಗ್ ಸೋತಿದ್ದರೂ, ಪೆಡಲಿನ ಅಚ್ಚಿಗೆ ಕೆಮ್ಮಣ್ಣು ಮೆತ್ತಿ ಒಣಗಿದ್ದರೂ ಇದೇ ತೊಂದರೆ ಬರುತ್ತದೆ. ಮಾಸ್ಟರ್ ಸಿಲಿಂಡರು ಕಾಲಿನ ಕೆಳಗೆ, ಚಾಸಿಯ ಬಳಿ ಇರುವುದರಿಂದ ಹಳ್ಳ ದಾಟಿದಾಗಲೆಲ್ಲ ಅದಕ್ಕೆ ಕೆಸರಿನ ಅಭಿಷೇಕ. ಮಳೆ ನಿಂತ ಮೇಲೆ, ಕೊಯ್ಲಿನ ಓಡಾಟಕ್ಕೆ ಮೊದಲು ತೊಳೆದು ಗ್ರೀಸ್ ಕೊಡಿಸಿ. ಒಳಗಿನ ರಬ್ಬರ್ ಭಾಗಗಳನ್ನು ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ತೊಳೆಯಬೇಡಿ, ಅವು ಊದಿಕೊಳ್ಳುತ್ತವೆ. ಬ್ರೇಕ್ ಎಣ್ಣೆಯಲ್ಲೇ ತೊಳೆಯಬೇಕು.

ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿ, ಬಳಿಕ ಖಾಲಿ ಗಾಡಿಯಲ್ಲಿ ಐದಾರು ಕಿಲೋಮೀಟರು ಹೋಗಿಬನ್ನಿ. ಇಳಿದು ಪ್ರತಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಆ ಚಕ್ರದ ನಟ್ಟನ್ನು ಇನ್ನಷ್ಟು ಬಿಡಿ. ನಾಲ್ಕೂ ಬಿಸಿಯಾಗಿದ್ದರೆ ಮತ್ತೆ ಕಂಬಿಯ ಬಳಿಗೇ ಹೋಗಬೇಕು.