ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಬನ್ನಿ

ಪ್ರಶ್ನೆ: ನನಗೆ 63 ವರ್ಷ. ಈ ಆಷಾಢದಲ್ಲಿ ಯಜಮಾನರು ತೀರಿಕೊಂಡರು. ಮಗ, ಸೊಸೆ, ಮೊಮ್ಮಗ ಪುಣೆಯಲ್ಲಿದ್ದಾರೆ. ಹೊಲ ಪಾಲಿಗೆ ಕೊಟ್ಟಿದ್ದೇವೆ. ಹಗಲು ಹೇಗೋ ಕಳೆಯುತ್ತದೆ. ಚಳಿ ಬಿದ್ದ ಮೇಲೆ ಸಂಜೆಯಾದರೆ ಸಾಕು, ಜೀವ ಕುಗ್ಗುತ್ತದೆ. ಮೊಣಕಾಲು ಹಿಡಿಯುತ್ತವೆ, ನಸುಕಿನಲ್ಲಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ವರ್ಷ ತುಂಬುವವರೆಗೆ ಹಬ್ಬವೂ ಇಲ್ಲ. ಅವರ ಧೋತರ, ಅಂಗಿ ಟ್ರಂಕಿನಲ್ಲೇ ಇವೆ, ಮುಟ್ಟಲು ಕೈ ಬರುವುದಿಲ್ಲ. ನನ್ನ ಬದುಕಿಗೂ ಚಳಿಗಾಲ ಬಂತು, ಇನ್ನೇನು ಉಳಿದಿದೆ ಅನ್ನಿಸುತ್ತದೆ.
– ಓದುಗರೊಬ್ಬರು, ಕಂದಲಗಾಂವ

ಉತ್ತರ: ಅಕ್ಕಾ, ನಿಮ್ಮ ದುಃಖ ಸಹಜವಾದದ್ದು. ಅವರು ಹೋಗಿ ಇನ್ನೂ ಆರು ತಿಂಗಳು ತುಂಬಿಲ್ಲ. ಸಂಜೆಯೆಂದರೆ ಅವರು ಹೊಲದಿಂದ ಮನೆಗೆ ಬರುತ್ತಿದ್ದ ಹೊತ್ತು; ಆಗಲೇ ಜೀವ ಕುಗ್ಗದೆ ಇನ್ಯಾವಾಗ ಕುಗ್ಗೀತು? ಅತ್ತುಬಿಡಿ, ತಡೆಯಬೇಡಿ.

ಆದರೆ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಚಳಿಗಾಲವೆಂದರೆ ಎಲ್ಲ ಮುಗಿದ ಕಾಲ ಎನ್ನುವುದು ಹಿಮ ಬೀಳುವ ದೇಶದವರ ಮಾತು. ಸೋಲಾಪುರ ಸೀಮೆಯ ಎರೆಹೊಲದಲ್ಲಿ ಏನಾಗುತ್ತದೆ ಎನ್ನುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ, ಅದೇ ನಿಮ್ಮ ಮಾಲದಂಡಿ, ಮೇಲಿಂದ ಹನಿ ಬೀಳದಿದ್ದರೂ ನೆಲದೊಳಗಿನ ಹಸಿಯನ್ನೇ ನಂಬಿ ಬೆಳೆದು ಈ ಚಳಿಯಲ್ಲೇ ತೆನೆ ಕಟ್ಟುತ್ತದೆ. ಅವರೊಂದಿಗೆ ಬಾಳಿದ ಅಷ್ಟು ವರ್ಷಗಳ ಹಸಿ ನಿಮ್ಮಲ್ಲೂ ಇದೆ. ಅದು ಒಂದೇ ವರ್ಷಕ್ಕೆ ಆರುವಂಥದ್ದಲ್ಲ.

ಮಾರ್ಗಶಿರದ ಅಮಾಸಿ ಬಂತು. ಹಬ್ಬ ಮಾಡದಿರುವುದು ನಿಮ್ಮ ಮನೆತನದ ಪದ್ಧತಿ; ಮುರಿಯಿರಿ ಎನ್ನಲಾರೆ. ಒಲೆ ಹೂಡಬೇಡಿ, ಹೊಸ ಸೀರೆ ಉಡಬೇಡಿ. ಹೊಲಕ್ಕೆ ಹೋಗಬೇಡಿ ಎಂದು ಮಾತ್ರ ಯಾವ ಹಿರಿಯರೂ ಹೇಳಿರಲಾರರು. ಪಾಲು ಮಾಡುವವರ ಮನೆಯ ಹೆಂಗಸರ ಜೊತೆ ಕೂತು ಬಜ್ಜಿಯ ಪಲ್ಯ ಸೋಸಿ ಕೊಡಿ, ಹಸಿ ಕಡ್ಲಿ ಸುಲಿದು ಕೊಡಿ. ಕಣಿಕಿಯ ಗೂಡಿನಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಸುತ್ತಲೂ ಚರಗ ಚೆಲ್ಲುವಾಗ ಬದುವಿನ ಮೇಲೆ ನಿಂತು ನೋಡಿ. ಬಸುರಾದ ಭೂಮಿತಾಯಿಯ ಬಯಕೆ ತೀರಿಸುವ ದಿನ ಅದು. ನಿಮ್ಮ ಯಜಮಾನರು ಹದ ಮಾಡಿಟ್ಟ ಮಣ್ಣೇ ಅಲ್ಲವೇ ಬಸುರಾಗಿರುವುದು? ಸೀತನಿ ಸುಡುವ ದಿನಗಳು ಬಂದಾಗ ಮತ್ತೊಮ್ಮೆ ಹೋಗಿ.

ದೇಹದ ಮಾತೂ ಇದೆ. ಜೂನ್‌ನಲ್ಲಿ ನಿಮ್ಮೂರಿನ ಹಗಲು ಸುಮಾರು 13 ತಾಸು, ಡಿಸೆಂಬರ್‌ನಲ್ಲಿ 11. ಬೆಳಕು ಕಡಿಮೆಯಾದರೆ ಕೆಲವರಿಗೆ ಮನಸ್ಸು ಮಂಕಾಗುತ್ತದೆ, ನಿದ್ದೆಯೂ ಏರುಪೇರಾಗುತ್ತದೆ. ಬೆಳಿಗ್ಗೆ ಎದ್ದ ಮೇಲೆ ಮನೆಯೊಳಗೆ ಇರದೆ ಕಟ್ಟೆಯ ಮೇಲೆ ಅರ್ಧ ತಾಸು ಬಿಸಿಲಿಗೆ ಕೂಡಿ, ಓಣಿಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿ. ಮೊಣಕಾಲಿಗೂ ಅದು ಹಿತ. ಮಧ್ಯಾಹ್ನದ ಮೇಲೆ ಚಹಾ ಬೇಡ, ಹಗಲು ನಿದ್ದೆಯೂ ಬೇಡ.

ಸಂಜೆಯ ಹೊತ್ತು ಒಬ್ಬರೇ ಇರಬೇಡಿ. ಓಣಿಯ ಹೆಂಗಸರನ್ನು ಕರೆದು ಕೌದಿ ಹಾಕಿ. ಮೊದಲಿಗೆ ನಿಮ್ಮ ಹಳೆಯ ಸೀರೆಗಳೇ ಸಾಕು. ಟ್ರಂಕು ತೆಗೆಯಬೇಕು ಎನ್ನಿಸಿದ ದಿನ, ಅದು ಮುಂದಿನ ವರ್ಷವಾದರೂ ಸರಿ, ಅವರದೊಂದು ಧೋತರ ಒಳಪದರಿಗೆ ಹಾಸಿ ದಬ್ಬಣ ಹಿಡಿಯಿರಿ. ಅದನ್ನು ಮೊಮ್ಮಗ ಹೊದೆಯಲಿ.

ಮಗನಿಗೆ "ಆರಾಮ ಅದೀನಿ" ಎಂದು ಹೇಳಿ ಫೋನ್ ಇಡುತ್ತೀರಿ ಎಂದು ನನ್ನ ಅನುಮಾನ. ಹಾಗೆ ಹೇಳಬೇಡಿ. ಸಂಕ್ರಾಂತಿಗೆ ಸೋಲಾಪುರದಲ್ಲಿ ಸಿದ್ಧರಾಮೇಶ್ವರನ ಜಾತ್ರೆ, ನಿಮ್ಮ ಗಡ್ಡಾ. ಬಿಳಿ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜ ಹೊತ್ತು ಬರುವುದನ್ನು ಮೊಮ್ಮಗನಿಗೆ ತೋರಿಸಬೇಕು, ಕರಕೊಂಡು ಬಾ ಎಂದು ಕರೆಯಿರಿ. ನೀವು ಗುಡಿಯೊಳಗೆ ಹೋಗದಿದ್ದರೂ ದಾರಿಯ ಬದಿಗೆ ನಿಂತು ನೋಡಬಹುದು.

ಈ ನಡುವೆ ಒಮ್ಮೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ರಕ್ತಹೀನತೆ, ಥೈರಾಯ್ಡ್, ಬಿ-12 ಕೊರತೆ ಇದ್ದರೂ ಮನಸ್ಸು ಕುಗ್ಗುತ್ತದೆ, ಅವಕ್ಕೆಲ್ಲ ಔಷಧವಿದೆ. ಎರಡು ವಾರ ಕಳೆದರೂ ಊಟ ಸೇರದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ವಿಚಾರ ಸುಳಿದರೆ ವಾರಗಟ್ಟಲೆ ಕಾಯುವ ಮಾತೇ ಇಲ್ಲ: ಆ ಕ್ಷಣವೇ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಮರಾಠಿಯಲ್ಲಿ ಮಾತು ಶುರುವಾದರೆ, ಕನ್ನಡದವರನ್ನು ಕೊಡಿ ಎಂದು ಕೇಳಿ.